ಸಾಲಿನ ಕೊನೆಯ ಬೆರಳು

ದುರ್ಬೀನಿನಲ್ಲಿ ನೆತ್ತರು ನೋಡುವುದನ್ನು ನಾನು ಕಲಿತದ್ದು ಕಲಬುರ್ಗಿಯ ಹೆಣ್ಣುಮಕ್ಕಳ ದವಾಖಾನೆಯಲ್ಲಿ, ನಿಜಾಮರ ಕಾಲಕ್ಕೆ. ಸರ್ಕಾರದ ಕಾಗದದಲ್ಲಿ ಈ ಕೆಲಸಕ್ಕೆ ಉರ್ದುವಿನ ಒಂದು ಉದ್ದನೆಯ ಹೆಸರಿತ್ತು. ಕಮಲಾಪುರದ ನಮ್ಮ ಓಣಿಯವರಿಗೆ ಅದು ಬಾಯಿಗೆ ಹತ್ತಲಿಲ್ಲ. ಅವರು ನನ್ನನ್ನು ‘ನೆತ್ತರ ನೋಡಾಕಿ’ ಎಂದು ಕರೆದರು. ನನಗೆ ಆ ಹೆಸರೇ ಹಿಡಿಸಿತು. ಮಾಡುವುದು ಅದನ್ನೇ ಅಂದಮೇಲೆ ಹಾಗೆ ಕರೆಸಿಕೊಳ್ಳಲು ನಾಚಿಕೆಯೇನು?

ನನ್ನನ್ನು ಅಲ್ಲಿಗೆ ಕರೆಸಿದ್ದು ಅಲ್ಲಿನ ಹೆಣ್ಣು ಡಾಕ್ಟರು, ನಮ್ಮೆಲ್ಲರ ಡಾಕ್ಟರ್ ಬಾಯಿ. ಮೋಮಿನಪುರದ ಗೋಶಾದ, ಅಂದರೆ ಪರದೆಯೊಳಗಿನ ಹೆಣ್ಣುಮಕ್ಕಳು ಗಂಡಸರ ಮುಂದೆ ಬೆರಳು ಚಾಚುತ್ತಿರಲಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳೂ ಏನು ಕಡಿಮೆಯಲ್ಲ, ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ಜ್ವರದವರ ನೆತ್ತರು ತೆಗೆಯಲು, ಅದನ್ನು ನೋಡಲು ಒಬ್ಬ ಹೆಂಗಸು ಬೇಕೇ ಬೇಕೆಂದು ಬಾಯಿ ಹಟ ಹಿಡಿದರು. ಓದು ಬರಹ ಬಲ್ಲ ಹೆಂಗಸು, ಅದರಲ್ಲೂ ಉರ್ದು ಓದಬಲ್ಲವಳು ಎಲ್ಲಿ ಸಿಗಬೇಕು? ನಮ್ಮಪ್ಪ ಕಮಲಾಪುರದ ಸಾಲಿ ಮಾಸ್ತರ. ಮನೆಯಲ್ಲಿ ನನಗೆ ಕನ್ನಡ, ಉರ್ದು ಎರಡೂ ಅಕ್ಷರ ಕಲಿಸಿದ್ದ. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದೆ. ನನಗೆ ಉಡಿಕಿ ಮಾಡಿ, ಎರಡನೆಯ ಮನೆಗೆ ಕಳಿಸುವ ಮಾತು ಹಿತ್ತಲಲ್ಲಿ ನಡೆದಿತ್ತು. ಕಲಬುರ್ಗಿಗೆ ಹೋಗ್ತೀಯೇನು ಎಂದು ಅಪ್ಪ ಕೇಳಿದಾಗ ಮಾತು ಮುಗಿಯುವ ಮೊದಲೇ ಹೂಂ ಅಂದುಬಿಟ್ಟೆ.

ಅವ್ವ ಮಾತ್ರ ಕರಾರು ಹಾಕಿದಳು.

“ಬನ್ನಿ ಹಬ್ಬದೊಳಗ ಕೆಲಸ ಕೈಗೆ ಹತ್ತಬೇಕು. ಹತ್ತಲಿಲ್ಲಂದ್ರ ಸುಮ್ಮ ಬಂದು ನಾ ಹೇಳಿದವರ ಮುಂದ ತಲಿ ಬಗ್ಗಿಸಿ ಕುಂದ್ರಬೇಕು, ನೋಡು.”

“ಹತ್ತತೈತಿ ಬಿಡವ್ವಾ” ಎಂದೆ. ಗರ್ವ ಎಂದುಕೊಂಡರೂ ಸರಿ. ನನ್ನ ಕೈಯ ಮೇಲೆ ನನಗೆ ನಂಬಿಕೆಯಿತ್ತು.

ನನಗೆ ಕಲಿಸಿದವರು ಹೈದರಾಬಾದಿನಲ್ಲಿ ಕಲಿತು ಬಂದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಉಸ್ತಾದರು ಎನ್ನುತ್ತಿದ್ದರು. ಬಿಳಿ ಗಡ್ಡ, ಮಡಿಕೆ ಕೆಡದ ಶೇರವಾನಿ. ಮೊದಲ ವಾರವೆಲ್ಲ ಅವರು ನನಗೆ ಗಾಜಿನ ಪಟ್ಟಿ ತೊಳೆಯುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಸಾಬೂನು, ಆಮೇಲೆ ಸ್ಪಿರಿಟ್ಟು, ಆಮೇಲೆ ಹಳೆಯ ಧೋತರದ ಮೆತ್ತನೆ ತುಂಡು. ಬೆಳಕಿಗೆ ಹಿಡಿದು ನೋಡಿ, ಬೆರಳಿನ ಒಂದು ಗುರುತು ಕಂಡರೂ ಮತ್ತೆ ನೀರಿಗೆ ಹಾಕುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಪಾತ್ರೆ ತಿಕ್ಕುವುದಕ್ಕೆ ಕಮಲಾಪುರ ಬಿಟ್ಟು ಬರಬೇಕಿತ್ತೇ?

ಆಮೇಲೆ ನೆತ್ತರು ಹರಡುವುದು. ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ಪಟ್ಟಿಯ ಮೇಲೆ ತೆಗೆದುಕೊಂಡು, ಇನ್ನೊಂದು ಪಟ್ಟಿಯ ಅಂಚಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡಬೇಕು. ಕೈ ನಡುವೆ ನಿಂತರೆ ಕೆಟ್ಟಿತು. ಕಲಿಯಲು ನನ್ನ ಬೆರಳನ್ನೇ ಚುಚ್ಚಿಕೊಂಡೆ. ಎಡಗೈ ಬೆರಳುಗಳೆಲ್ಲ ಉರಿದು, ರೊಟ್ಟಿಯ ಜೊತೆಗಿನ ಖಾರದ ಹಿಂಡಿ ಅರೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. “ಹಲ್ಲೂ, ಬೇಟಿ, ಹಲ್ಲೂ. ನೆತ್ತರ ಎಲ್ಲೀ ಓಡಿ ಹೋಗಂಗಿಲ್ಲ” ಎನ್ನುತ್ತಿದ್ದರು ಉಸ್ತಾದರು. ಹಲ್ಲೂ ಎಂದರೆ ನಿಧಾನ, ಅದು ನನ್ನ ಸ್ವಭಾವದಲ್ಲಿ ಇರಲಿಲ್ಲ. ಅದನ್ನು ಅವರೇ ನನ್ನ ಕೈಗೆ ಹಾಕಿಕೊಟ್ಟರು.

ಒಣಗಿದ ಪಟ್ಟಿಗೆ ಬಣ್ಣ ಹಾಕಿ, ಮಳೆನೀರಿನಲ್ಲಿ ತೊಳೆದು, ಕಡೆಗೆ ದುರ್ಬೀನಿನ ಕೆಳಗಿಡುವುದು. ಉಸ್ತಾದರು ಅದನ್ನು ಖುರ್ದಬೀನ್, ಅಂದರೆ ಸಣ್ಣದನ್ನು ಕಾಣಿಸುವುದು, ಎನ್ನುತ್ತಿದ್ದರು. ಅದರೊಳಗೆ ಎಲ್ಲವೂ ತಿರುವುಮುರುವು. ಪಟ್ಟಿಯನ್ನು ಎಡಕ್ಕೆ ಸರಿಸಿದರೆ ಒಳಗಿನ ಚಿತ್ರ ಬಲಕ್ಕೆ ಓಡುತ್ತದೆ. ಮೊದಮೊದಲು ನನಗೆ ತಲೆ ಗಿರ್ ಎನ್ನುತ್ತಿತ್ತು.

ಉಸ್ತಾದರು ನಕ್ಕರು. “ಖುರ್ದಬೀನ್ ಉರ್ದು ಓದತೈತಿ, ನೀ ಕನ್ನಡ ಓದಾಕತ್ತೀ. ಅದಕ್ಕ ಇಬ್ಬರದೂ ಜಗಳ.”

ಜಗಳ ಕೆಲವು ದಿನ ನಡೆಯಿತು, ಆಮೇಲೆ ರಾಜಿಯಾಯಿತು. ಒಂದು ಬೆಳಿಗ್ಗೆ ಒಂದು ಕೆಂಪು ಕಣದೊಳಗೆ ಸಣ್ಣ ನೀಲಿ ಉಂಗುರ, ಅದಕ್ಕೆ ಹರಳಿನಂತೆ ಒಂದು ಕೆಂಪು ಚುಕ್ಕೆ ಕಂಡಿತು. ಚಳಿಜ್ವರದ ಹುಳ ಅದು. ಯಾರೂ ತೋರಿಸದೆ ನಾನೇ ಹುಡುಕಿದ್ದೆ. ಕುರ್ಚಿಯಿಂದ ಎದ್ದುನಿಂತುಬಿಟ್ಟೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮಳೆ ಹಿಡಿದ ಮೇಲೆ ಕಮಲಾಪುರದಿಂದ ಸುದ್ದಿ ಬಂತು. ಕೆಂಪು ಬಾಳೆಯ ತೋಟಗಳ ಕಾಲುವೆಯಲ್ಲಿ ನೀರು ನಿಂತು ಸೊಳ್ಳೆ ಎದ್ದಿವೆ, ಮನೆಮನೆಗೂ ಚಳಿಜ್ವರ. ನಮ್ಮ ಅತ್ತಿಗೆಯೂ, ಅಂದರೆ ನಮ್ಮಣ್ಣನ ಹೆಂಡತಿಯೂ ಮಲಗಿದ್ದಳು. ಅವಳಿಗೆ ಚೊಚ್ಚಲ ಬಸುರು. ಓಣಿಯಲ್ಲಿ ನನ್ನ ಜೊತೆ ಬಾಯಿ ತುಂಬ ನಗುತ್ತಿದ್ದವಳು ಅವಳೊಬ್ಬಳೇ.

ಡಾಕ್ಟರ್ ಬಾಯಿಯ ಜೊತೆ ನಾನು ಮೋಟಾರಿನಲ್ಲಿ ಹೋದೆ. ಅಪ್ಪನ ಸಾಲಿಯ ಪಡಸಾಲೆಯಲ್ಲಿ ಹೆಂಗಸರನ್ನು ಸಾಲಾಗಿ ಕೂರಿಸಿದರು. ಸಾಲು ಎಂದರೆ ಅದಕ್ಕೊಂದು ರೀತಿಯಿತ್ತು. ಮೊದಲು ಮಾಸ್ತರರ ಮನೆಯವರು, ಆಮೇಲೆ ಗೌಡರ ಮನೆಯವರು, ಆಮೇಲೆ ಉಳಿದವರು. ಎಲ್ಲರ ಆಚೆ, ಮೆಟ್ಟಿಲು ಬಿಟ್ಟು ಕೆಳಗೆ, ಬಾಳೆತೋಟದ ಕೂಲಿಯವಳೊಬ್ಬಳು. ಊರ ಹೊರಗಿನ ಕೇರಿಯವಳು, ಗಟ್ಟಿ ಆಳು. ಜ್ವರ ಗಿರ ಏನೂ ಇರಲಿಲ್ಲ. ಬಾಳೆಗೊನೆಯ ಬುಟ್ಟಿ ಇಳಿಸಿ, “ಎಲ್ಲಾರ್ದೂ ನೋಡ್ತೀರಂತ, ನಂದೂ ನೋಡ್ರಿ ಅಕ್ಕೋರ” ಎಂದು ನಗುತ್ತ ಬೆರಳು ಚಾಚಿದಳು. ಅವಳ ನೆತ್ತರು ದಟ್ಟವಾಗಿತ್ತು, ಪಟ್ಟಿಯ ಮೇಲೆ ಹರಡುವುದಕ್ಕೇ ಕಷ್ಟವಾಯಿತು. ಮೊದಲನೆಯವಳಾದ ಅತ್ತಿಗೆಯದು ನೀರಿನ ಹಾಗೆ ಜಾರಿತ್ತು.

ಪಟ್ಟಿಯ ಮೇಲೆ ಯಾರದೆಂದು ಮಸಿಯಲ್ಲಿ ಬರೆದರೆ ಸ್ಪಿರಿಟ್ಟಿಗೆ ಅಳಿಸಿಹೋಗುತ್ತಿತ್ತು. ಗಾಜಿನ ಮೇಲೆ ಗೀರುವ ವಜ್ರದ ಕಡ್ಡಿ ಇಡೀ ದವಾಖಾನೆಗೆ ಒಂದೇ, ಅದು ಉಸ್ತಾದರ ಮೇಜು ಬಿಟ್ಟು ಕದಲುತ್ತಿರಲಿಲ್ಲ. ಹಾಗಾಗಿ ಹೆಂಗಸರು ಕೂತ ಸಾಲಿನಂತೆಯೇ ಪಟ್ಟಿಗಳನ್ನು ಕಟ್ಟಿಗೆಯ ಡಬ್ಬಿಯ ಸಂದುಗಳಲ್ಲಿ ಒಂದರ ಪಕ್ಕ ಒಂದು ಇಟ್ಟೆ. ಅಂಕಿ ಹಾಕುವುದು ಉಸ್ತಾದರ ಕೆಲಸ.

ಹೊರಡುವಾಗ ಬಾಯಿ ಕುನೈನ್ ಗುಳಿಗೆಗಳನ್ನು ಅಪ್ಪನ ಕೈಗಿಟ್ಟರು, ಫಲಿತಾಂಶ ಬಂದಮೇಲೆ ಹುಳ ಕಂಡವರಿಗೆ ಕೊಡಲು. ಉಳಿದವರ ವಿಷಯ ಸುಲಭ. ಅತ್ತಿಗೆಯದೇ ಕಷ್ಟ. ಕುನೈನ್ ಉಷ್ಣ, ಬಸುರು ಇಳಿಸುತ್ತದೆ ಎಂದು ಊರೆಲ್ಲ ಹೆದರುತ್ತಿತ್ತು. ಬಾಯಿಗೂ ಆ ಅಳುಕು ಇಲ್ಲದಿರಲಿಲ್ಲ. “ನೆತ್ತರದಾಗ ಹುಳ ಕಂಡ್ರ ಕೊಡಲೇಬೇಕು, ಇಲ್ಲಾಂದ್ರ ತಾಯಿನೂ ಇಲ್ಲ, ಕೂಸೂ ಇಲ್ಲ. ಕಾಣಲಿಲ್ಲಂದ್ರ ಮುಟ್ಟಿಸಬ್ಯಾಡ್ರಿ” ಎಂದು ಅಪ್ಪನಿಗೆ ಹೇಳಿದರು. ಅತ್ತಿಗೆಯ ಜೀವ ಆ ಒಂದು ಪಟ್ಟಿಯ ಮೇಲೆ ನಿಂತಿತ್ತು.

ಮರುದಿನ ಬೆಳಿಗ್ಗೆ ನಾನು ವಾರ್ಡಿನಲ್ಲಿ ನೆತ್ತರು ತೆಗೆಯುತ್ತಿದ್ದಾಗ ಉಸ್ತಾದರು ಪಟ್ಟಿಗಳಿಗೆ ಅಂಕಿ ಗೀರಿ, ಬಣ್ಣ ಹಾಕಿ, ನೋಡಿ ಮುಗಿಸಿದ್ದರು. ಫಲಿತಾಂಶ ಮೋಟಾರಿನವನ ಕೈಯಲ್ಲಿ ಕಮಲಾಪುರಕ್ಕೆ ಹೋಗಿಯೂ ಆಗಿತ್ತು. ಮೊದಲನೆಯವಳ ನೆತ್ತರು ಸಾಫ್ ಎಂದು ಕೇಳಿ ನನಗೆ ಹೋದ ಉಸಿರು ಬಂದಂತಾಯಿತು.

“ಬಾ ಬೇಟಿ, ಕೊನೀದನ್ನ ನೋಡು. ಇಷ್ಟು ಉಂಗುರ ನೀ ಎಲ್ಲೀ ನೋಡಿರಾಕಿಲ್ಲ” ಎಂದು ಉಸ್ತಾದರು ಪಾಠಕ್ಕೆ ಕರೆದರು.

ನೋಡಿದೆ. ಉಂಗುರಗಳು ತುಂಬಿದ್ದವು, ಸರಿ. ಆದರೆ ನನ್ನ ಕಣ್ಣು ಅವುಗಳ ಮೇಲೆ ನಿಲ್ಲಲಿಲ್ಲ. ಕಣಗಳೆಲ್ಲ ಬಿಳಚಿಕೊಂಡಿದ್ದವು, ಎಷ್ಟೋ ಸಲ ಒಗೆದ ಸೀರೆಯ ಬಣ್ಣ. ಬುಟ್ಟಿ ಹೊತ್ತ ಆ ಹೆಂಗಸಿನ ದಟ್ಟ ನೆತ್ತರು ನನ್ನ ಕೈಗೆ ಇನ್ನೂ ನೆನಪಿತ್ತು. ಇದು ಅವಳದಲ್ಲ.

“ಉಸ್ತಾದ್, ಡಬ್ಬಿ ಯಾವ ಕಡಿಂದ ತೆಗದ್ರಿ?”

“ಯಾವ ಕಡಿಂದ ಅಂದ್ರ? ಸೀಧಾ ಕಡಿಂದ” ಎಂದು ಬಲಗೈಯನ್ನು ಡಬ್ಬಿಯ ಬಲತುದಿಯ ಮೇಲಿಟ್ಟರು.

ನಾನು ನನ್ನ ಕೈಯನ್ನು ಎಡತುದಿಯ ಮೇಲಿಟ್ಟೆ. ಜೀವಮಾನವೆಲ್ಲ ಬಲದಿಂದ ಎಡಕ್ಕೆ ಉರ್ದು ಬರೆದ ಕೈ ಅದು. ಉರ್ದು ಓದಲು ಬಂದರೂ ಎಡದಿಂದ ಬಲಕ್ಕೆ ಇಡುವ ಕೈ ಇದು. ದವಾಖಾನೆಗೆ ರೋಗಿಗಳು ಒಬ್ಬೊಬ್ಬರಾಗಿ ಬರುತ್ತಿದ್ದರಿಂದ ಈ ಫರಕು ಅಲ್ಲಿಯವರೆಗೆ ನಮ್ಮನ್ನು ಎಡವಿಸಿರಲಿಲ್ಲ. ಉಸ್ತಾದರ ಮುಖ ಒಮ್ಮೆಲೇ ಕಪ್ಪಿಟ್ಟಿತು. ಆಮೇಲೆ ನಿಧಾನವಾಗಿ ತಲೆ ಆಡಿಸಿದರು.

“ನಾ ಸೀಧಾ, ನೀನೂ ಸೀಧಾ. ಡಬ್ಬಿ ಉಲ್ಟಾ.”

ಅವರು ಎಲ್ಲವನ್ನೂ ಮತ್ತೆ ನೋಡಿದರು, ನಾನೂ ನೋಡಿದೆ. ಮೊದಲನೆಯದು ಕೊನೆಯದಾಗಿ, ಕೊನೆಯದು ಮೊದಲನೆಯದಾಗಿ ಹೋಗಿತ್ತು. ನಡುವಿನವರ ನೆತ್ತರಿನಲ್ಲೆಲ್ಲ ಹುಳವಿತ್ತು, ಹಾಗಾಗಿ ಅವರ ಗುಳಿಗೆಯಲ್ಲಿ ತಪ್ಪಾಗಿರಲಿಲ್ಲ. ಉಸ್ತಾದರು ಒಂದು ಕೆಂಪು ದಾರ ತಂದು ಡಬ್ಬಿಯ ಬಲತುದಿಗೆ ಗಂಟು ಹಾಕಿದರು. “ಇನ್ನ ಮ್ಯಾಲ ಚಾಲೂ ಇಲ್ಲಿಂದ” ಎಂದರು. ನಾನು ವಾದ ಮಾಡಲಿಲ್ಲ. ನನ್ನ ಜೀವ ಕಮಲಾಪುರದಲ್ಲಿತ್ತು.

ಬಾಯಿ ಸಣ್ಣ ಸಣ್ಣ ಪಾಲಿನ ಗುಳಿಗೆ ಕಟ್ಟಿಕೊಟ್ಟು, ಹೇಗೆ ಕೊಡಬೇಕು, ಏನು ಕಂಡರೆ ನಿಲ್ಲಿಸಬೇಕು ಎಂದು ನನ್ನ ಬಾಯಲ್ಲಿ ತಿರುಗಿ ಹೇಳಿಸಿ, ಮರುದಿನ ನಸುಕಿನ ಮೊದಲ ಮೋಟಾರಿಗೆ ಹತ್ತಿಸಿದರು. ದಾರಿಯುದ್ದಕ್ಕೂ ನನಗೆ ಭಯವಾಗಿತ್ತು. ಜ್ವರದ ಭಯ ಒಂದು. ಅವ್ವನ ಭಯ ಇನ್ನೊಂದು.

ಅತ್ತಿಗೆ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದಳು. ಅವ್ವ ನನ್ನ ಕೈಯ ಪೊಟ್ಟಣ ನೋಡಿದ ಕೂಡಲೇ ಬಾಗಿಲಿಗೆ ಅಡ್ಡ ನಿಂತಳು.

“ನಿನ್ನಿ ಏನೂ ಇಲ್ಲಂತ ಹೇಳಿ ಕಳಿಸೀರಿ. ಇವತ್ತ ಐತಿ ಅಂತೀ. ನಿನ್ನ ಮಾತ ನಂಬಿ ಮನಿ ಕೂಸ ಕಳ್ಕೊಳ್ಳೇನು?”

ನಾನು ಡಬ್ಬಿಯ ವಿಷಯ ಹೇಳಿದೆ. ಅಪ್ಪನಿಗೆ ಅರ್ಧ ಮಾತಿಗೇ ತಿಳಿಯಿತು. ಎರಡೂ ಲಿಪಿ ಕಲಿಸುವಾಗ ಹುಡುಗರ ಪಾಟಿಯ ಮೇಲೆ ದಿನಾ ಆ ಗೊಂದಲವನ್ನೇ ನೋಡುತ್ತಿದ್ದವನು ಅವನು. ಅವ್ವನಿಗೆ ಬೇರೆಯದೇ ತಿಳಿಯಿತು.

“ಅಂದ್ರ ನಮ್ಮ ಸೊಸಿ ನೆತ್ತರಕ್ಕೂ, ಆ ತೋಟದಾಕಿ ನೆತ್ತರಕ್ಕೂ ಅದಲು ಬದಲಿ ಆತು ಅಂತೀಯೇನು? ಫರಕ ಗೊತ್ತಾಗಲಿಲ್ಲೇನು ನಿಮ್ಮ ಆ ದುರ್ಬೀನಿಗಿ?”

“ನನ್ನ ಕಣ್ಣಿಗಿ ಗೊತ್ತಾಗೇತಿ ಅವ್ವಾ. ಆಕಿದು ಗಟ್ಟಿ ನೆತ್ತರ, ನಮ್ಮಾಕಿದು ನೀರು. ಇಷ್ಟ ಫರಕ. ಬ್ಯಾರೆ ಏನೂ ಇಲ್ಲ.”

ಅವ್ವನ ಮುಖ ಬಿಗಿಯಿತು. ಅಷ್ಟರಲ್ಲಿ ಅಂಗಳದಾಚೆಯಿಂದ ಕೂಗು ಕೇಳಿತು. ತೋಟದ ಹೆಂಗಸು ಬಂದಿದ್ದಳು. ಹಿಂದಿನ ದಿನ ಬಂದ ತಪ್ಪು ಸುದ್ದಿಯ ಪ್ರಕಾರ ಅಪ್ಪ ಅವಳಿಗೆ ಕುನೈನ್ ಕೊಟ್ಟಿದ್ದ. ಅವಳೂ ಹೇಳಿದಂತೆ ನುಂಗಿದ್ದಳು.

“ಮಾಸ್ತರ, ಇದೆಂಥಾ ಮದ್ದು ಕೊಟ್ಟೀರಿ? ಬಾಯೆಲ್ಲ ಕಹಿ, ಕಿವ್ಯಾಗ ಗುಂಯ್ ಅನ್ನಾಕತ್ತೈತಿ. ನನಗ ಜ್ವರ ಯಾವಾಗ ಬಂದಿತ್ತು?”

ನಾನು ಅಂಗಳಕ್ಕಿಳಿದು ನಡೆದದ್ದನ್ನು ಇದ್ದ ಹಾಗೆ ಹೇಳಿದೆ, ಗುಳಿಗೆ ನಿಲ್ಲಿಸು ಎಂದೆ. ಬೈಯಬಹುದಿತ್ತು, ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲ ಕೇಳಿದಳು. ಆಮೇಲೆ ನಗು ತಡೆಯಲಾರದೆ ಬಾಯಿಗೆ ಸೆರಗು ಇಟ್ಟುಕೊಂಡಳು. ಒಳಗಿನ ನರಳಾಟ ಕೇಳಿದ ಮೇಲೆ ಮಾತ್ರ ಅವಳ ನಗು ನಿಂತಿತು.

“ಯವ್ವಾ” ಎಂದು ಅವಳು ಅಂಗಳದಿಂದಲೇ ಅವ್ವನಿಗೆ ಹೇಳಿದಳು. “ನಿಮ್ಮ ಸೊಸಿ ಪಾಲಿಂದು ನಾ ನುಂಗೀನಿ. ನಂದೂ ಮೊಲಿ ಕುಡಿಯೋ ಕೂಸು ಐತಿ, ಅದಕ್ಕೂ ಏನೂ ಆಗಿಲ್ಲ. ನೋಡ್ರಿ, ನಿಂತೀನಿ. ಕಿವಿ ಗುಂಯ್ ಅಂತೈತಿ, ಅಷ್ಟ. ಹುಡುಗಿ ಸಾಯಾಕತ್ತಾಳ, ಕೊಡ್ರಿ.”

ಅವ್ವ ಅವಳನ್ನು ನೋಡಿದಳು. ಬಾಗಿಲಿನಿಂದ ಸರಿಯಲಿಲ್ಲ. ಸರಿಸಿದವಳು ಅತ್ತಿಗೆ. ಕಂಬಳಿಯಿಂದ ತಲೆ ಹೊರಗೆ ಹಾಕಿ, “ಅತ್ತಿ, ಆಕಿ ಸುಮ್ಮನ ನುಂಗ್ಯಾಳ. ನನಗ ಜ್ವರ ಬಂದೈತಿ, ನಾ ನುಂಗಬಾರ್ದೇನು? ನೀರು ಕೊಡ್ರಿ” ಎಂದಳು. ನೀರು ತಂದವಳು ಅವ್ವನೇ. ಸೊಸೆಯ ತಲೆ ಎತ್ತಿ ಹಿಡಿದು ಅವಳೇ ಕುಡಿಸಿದಳು.

ಜ್ವರ ಒಂದೆರಡು ಸರದಿ ಬಂದು, ಸೋತು, ಬಿಟ್ಟಿತು. ಅಲ್ಲಿಯವರೆಗೆ ನಾನು ಅತ್ತಿಗೆಯ ಹಾಸಿಗೆ ಬಿಟ್ಟು ಕದಲಲಿಲ್ಲ. ಬನ್ನಿ ಹಬ್ಬ ಬಂತು, ಹೋಯಿತು, ಉಡಿಕಿಯ ಮಾತನ್ನು ಅವ್ವ ಎತ್ತಲಿಲ್ಲ. ಅತ್ತಿಗೆಗೆ ಹೆಣ್ಣು ಹುಟ್ಟಿತು. ಕಪ್ಪಗೆ, ದುಂಡಗೆ, ಗಂಟಲು ಹರಿಯುವಂತೆ ಅಳುವ ಕೂಸು.

ಮುಂದಿನ ಮಳೆಗಾಲಕ್ಕೆ ನಾನು ಕಮಲಾಪುರಕ್ಕೆ ಒಬ್ಬಳೇ ಹೋದೆ, ಡಬ್ಬಿ ಹಿಡಿದು. ಅದೇ ಪಡಸಾಲೆ, ಅದೇ ಸಾಲು. ಮೊದಲಿಗೆ ಅವ್ವ, ತೊಡೆಯ ಮೇಲೆ ಮೊಮ್ಮಗಳು. ಕಡೆಗೆ, ಮೆಟ್ಟಿಲು ಬಿಟ್ಟು ಕೆಳಗೆ, ತೋಟದ ಹೆಂಗಸು. ಎಲ್ಲರೂ ನಾನು ಅವ್ವನ ಮುಂದೆ ಕೂರುತ್ತೇನೆಂದು ಕಾದರು. ನಾನು ಕೆಂಪು ದಾರದ ಗಂಟು ನೋಡಿಕೊಂಡು, ಸಾಲಿನುದ್ದಕ್ಕೂ ನಡೆದು, ಮೆಟ್ಟಿಲು ಇಳಿದು ಅವಳ ಮುಂದೆ ಕೂತೆ. “ಕೊಡವ್ವಾ ಬೆರಳು” ಎಂದೆ.

ಸಾಲಿನಲ್ಲಿ ಗುಸುಗುಸು ಎದ್ದಿತು. ಗೌಡರ ಮನೆಯವರು ಅವ್ವನ ಮುಖ ನೋಡಿದರು, ಇವಳಾದರೂ ಮಗಳಿಗೆ ಹೇಳಲಿ ಎಂದು.

“ನನಗೇನ ನೋಡ್ತೀರಿ?” ಎಂದಳು ಅವ್ವ, ಮೊಮ್ಮಗಳ ಮೂಗು ಒರೆಸುತ್ತ. “ನನ್ನ ಮಗಳು ದವಾಖಾನ್ಯಾಗ ಉರ್ದು ಕಲ್ತು ಬಂದಾಳ. ಆಕಿ ಅಲ್ಲಿಂದನ ಓದಾಕಿ.”

ಎಲ್ಲರದೂ ಮುಗಿಯುವವರೆಗೆ ಅವ್ವ ಕದಲದೆ ಕೂತಿದ್ದಳು. ಆ ದಿನ ಕಟ್ಟಕಡೆಗೆ ನಾನು ಚುಚ್ಚಿದ್ದು ಅವಳ ಬೆರಳನ್ನು.