ಸಿದರಾಯ ಬರೆದ ಅಂಚುಗಳು

ಬನಹಟ್ಟಿಯ ನಮ್ಮ ನೇಕಾರರ ಸಂಘದ ಸೀರೆಗಳಿಗೆ ಮೂವತ್ತೆರಡು ವರ್ಷ ಅಂಚು, ಸೆರಗುಗಳ ಡಿಸೈನ್ ಬರೆದವನು ಸಿದರಾಯ. ಮೊದಲು ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದ. ಐವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಕಂಪ್ಯೂಟರ್ ಕಲಿತು, ಹಳೆಯದನ್ನೆಲ್ಲ ಒಂದೊಂದಾಗಿ ಅದರೊಳಗೆ ಇಳಿಸಿದ. ಗೆದ್ದಲು ಹಿಡಿದಿದ್ದ ಆ ಕಾಗದಗಳನ್ನು ಆಮೇಲೆ ಸಂಘದವರೇ ರದ್ದಿಗೆ ಹಾಕಿದೆವು. ಆ ಸಂಘದಲ್ಲಿ ನಾನೂ ಒಬ್ಬ ಸದಸ್ಯ.

ಸಿದರಾಯ ಜಾಣ. ವಾರಕ್ಕೊಮ್ಮೆ ಎಲ್ಲ ಡಿಸೈನುಗಳನ್ನು ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದ. ಈ ಸಲದ ಆಯುಧ ಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೆ ಪೂಜೆಗೆ ಮಾತ್ರ ಡಿಸ್ಕನ್ನೂ ಕಂಪ್ಯೂಟರಿಗೆ ಜೋಡಿಸಿ ವಿಭೂತಿ ಹಚ್ಚಿ, ಹೂ ಏರಿಸಿದೆವು. ಪರದೆಯ ಮೇಲೆ ಬನಶಂಕರಿಯ ಚಿತ್ರ ಹಾಕಿದ್ದರಿಂದ ಕಂಪ್ಯೂಟರ್ ಆರಿಸಲೂ ಇಲ್ಲ. ಪೂಜೆ ಮುಗಿದೊಡನೆ ಅವನು ಡಿಸ್ಕಿಗೆ ಕೈ ಹಾಕಿದ.

“ಪೂಜಿ ಮಾಡಿದ ಸಾಮಾನ ನಾಳಿ ಬನ್ನಿ ಮುಡಿಯೂತನಕ ಅಲುಗಸಬಾರದೋ ಸಿದರಾಯ,” ಎಂದೆ. ಹೌದು, ನಾನೇ.

ಅಂದು ಬೆಳಿಗ್ಗೆಯಷ್ಟೇ ವ್ಯಾಪಾರಿಯೊಬ್ಬನ ಹೆಸರಿನಲ್ಲಿ ಬಂದಿದ್ದ ಇ-ಮೇಲನ್ನು, ಸೀರೆಯ ಸ್ಯಾಂಪಲ್ ಇರಬೇಕೆಂದು ನಮ್ಮ ಅಧ್ಯಕ್ಷ ಬಸವಕುಮಾರ ಅದೇ ಕಂಪ್ಯೂಟರಿನಲ್ಲಿ ತೆರೆದಿದ್ದ. ಬನ್ನಿ ಮುಡಿದು ಬಂದು ನೋಡುವಷ್ಟರಲ್ಲಿ ಕಂಪ್ಯೂಟರಿನ ಡಿಸೈನುಗಳ ಜೊತೆಗೆ ಡಿಸ್ಕಿನವಕ್ಕೂ ಬೀಗ ಬಿದ್ದಿತ್ತು. ಮೂರು ಲಕ್ಷ ಕೊಟ್ಟರೆ ಬಿಡಿಸುತ್ತೇವೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು.

ಯಾವ ದೇಶದಲ್ಲಿ ಕೂತ ಯಾವ ಕಳ್ಳನೋ, ಅವನ ಮನೆ ಹಾಳಾಗ. ನಲವತ್ತು ಮಗ್ಗದ ಬಡ ಸಂಘದ ಹೊಟ್ಟೆಯ ಮೇಲೇ ಹೊಡೆಯಬೇಕಿತ್ತೇ? ದೊಡ್ಡ ಮಿಲ್ಲಿನವರಿಗೆ ಇದನ್ನು ಕಾಯಲೆಂದೇ ಎಂಜಿನಿಯರುಗಳಿದ್ದಾರೆ. ನಮಗೆ ಇದ್ದವನು ಸಿದರಾಯ ಒಬ್ಬ. ಪೊಲೀಸ್ ಠಾಣೆಗೆ ದೂರು ಕೊಡಲು ಹೋದರೆ, “ಕಂಪ್ಯೂಟರ ಐತಿ, ಡಿಸ್ಕ ಐತಿ, ಕಳುವಾಗಿದ್ದು ಏನ್ರಿ?” ಎಂದು ಕೇಳಿದರು.

ಕಳ್ಳರಿಗೆ ರೊಕ್ಕ ಕೊಡುವುದು ಬೇಡವೆಂದು ಸಭೆಯಲ್ಲಿ ತೀರ್ಮಾನವಾಯಿತು. “ರೆಡಿ ಡಿಸೈನ್ ಹೊರಗಿಂದ ತಂದ್ರ ಆತು,” ಎಂದ ಬಸವಕುಮಾರ. ಸಿದರಾಯ ಮರುದಿನದಿಂದ ರಬಕವಿ, ಬನಹಟ್ಟಿಯ ಮನೆಮನೆಗೆ ಹೋಗಿ, ಹೆಂಗಸರ ಟ್ರಂಕಿನೊಳಗಿನ ಹಳೆಯ ಸೀರೆಗಳನ್ನು ಹಾಸಿಸಿಕೊಂಡು, ತಾನೇ ಬರೆದಿದ್ದ ಅಂಚುಗಳನ್ನು ಎಳೆ ಎಣಿಸಿ ಮತ್ತೆ ಕಾಗದಕ್ಕೆ ಇಳಿಸತೊಡಗಿದ. ಕನ್ನಡಕ ಸಾಲದೆ ಭೂತಗನ್ನಡಿ ಹಿಡಿದ. ಹೋದವು ಸಾವಿರಕ್ಕೂ ಹೆಚ್ಚು. ನಾಲ್ಕು ತಿಂಗಳಲ್ಲಿ ಮರಳಿ ಸಿಕ್ಕವು ಹನ್ನೊಂದು. ಅವನ್ನು ಸುರುಳಿ ಸುತ್ತಿಕೊಂಡು ಸಂಘಕ್ಕೆ ತಂದ.

ಬಸವಕುಮಾರ ಒಂದೊಂದನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. “ಛಲೋ ಅದಾವ ಕಾಕಾ. ಡಿಸೈನ್ ಮಾರೋರಿಗೆ ಕಳಸ್ತೇನಿ, ಅವರ ಕಂಪ್ಯೂಟರಿಗೆ ಹಾಕಿ ಕೊಡ್ತಾರ. ನೀವಿನ್ನ ತ್ರಾಸ ತಗೋಬ್ಯಾಡ್ರಿ, ಮನ್ಯಾಗ ಆರಾಮ ಇರ್ರಿ.”

ಸಿದರಾಯ ಕಾಗದಗಳನ್ನು ಮತ್ತೆ ಸುತ್ತಿಕೊಂಡು ಎದ್ದ. ನನಗೆ ತಡೆಯಲಾಗಲಿಲ್ಲ. ಬಾಗಿಲ ತನಕ ಅವನ ಹಿಂದೆ ಹೋಗಿ, “ನಂದ ತಪ್ಪಾತೋ. ಅವತ್ತ ನೀ ಡಿಸ್ಕ ತಗದಿದ್ರ ಎಲ್ಲಾ ಉಳೀತಿತ್ತು,” ಎಂದೆ.

“ಇರ್ಲಿ ಬಿಡು,” ಎಂದ ಚಪ್ಪಲಿ ಮೆಟ್ಟುತ್ತ. “ಆ ಕಳ್ಳ ನನ್ನ ಕೆಲಸಕ್ಕ ಮೂರು ಲಕ್ಷನಾದ್ರೂ ಬೆಲಿ ಕಟ್ಟಿದ್ದ.”