ಹಾಳೆ ತಿರುವುವ ಸದ್ದು

ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುವುವವರನ್ನು ಕಂಡರೆ, ಪುಸ್ತಕ ಹೊಲಿದು ರಟ್ಟು ಕಟ್ಟುವ ಮಸ್ತಾನಸಾಬನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿದ್ದ ದಬ್ಬಣ ಅಲ್ಲೇ ಒಗೆದು, "ಎಂಜಲ ಹಚ್ಚಬ್ಯಾಡ. ಮ್ಯಾಲಿನ ಮೂಲಿ ಹಿಡಿ. ಹಾಂ, ಈಗ ತಿರವು," ಎನ್ನುತ್ತಿದ್ದ. ತಹಸೀಲಿನ ಮುನ್ಶಿಗೂ ಹೀಗೇ ಬೈದವನು ಅವನು. ಆ ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದ ನಾನು ಯಾವ ಗಿಡದ ತಪ್ಪಲು. ಅಂಟಿಗೆ ಬೆರೆಸುವ ಮೈಲುತುತ್ತದಿಂದ ಅವನ ಬೆರಳು ಸದಾ ನೀಲಿ. ಆ ಬೆರಳು ನನ್ನ ಮುಖದ ಮುಂದೆ ಆಡಿದಾಗಲೆಲ್ಲ ಕಚ್ಚಿಬಿಡಬೇಕು ಅನ್ನಿಸುತ್ತಿತ್ತು.

ಸಿಟ್ಟಿಗೆ ಕಾರಣವಿತ್ತು. ನನ್ನ ತವರು ಈಗಿನ ಬಸವಕಲ್ಯಾಣ, ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣಿ. ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲಿದ್ದ ಕಾಲಕ್ಕೆ ಅಪ್ಪ ಧಾರವಾಡದಿಂದ ನಾಲ್ಕು ಕನ್ನಡ ಪುಸ್ತಕ ತರಿಸಿಕೊಂಡು, ಸಂಜೆ ಪಡಸಾಲೆಯಲ್ಲಿ ಕೂತು ನನಗೆ ಓದಿ ಹೇಳುತ್ತಿದ್ದರು. ಹೊಲಿಗೆ ಬಿಟ್ಟಿತೆಂದು ೧೯೪೭ರಲ್ಲಿ ಅವನ್ನು ಹುಮನಾಬಾದಿಗೆ ತಂದು ಜಿಲ್ದ ಕಟ್ಟಲು ಮಸ್ತಾನಸಾಬನಿಗೆ ಕೊಟ್ಟರು. ಆಮೇಲೆ ಕಾಲ ಕೆಟ್ಟಿತು, ಹಾದಿ ಬಂದಾದವು, ಜ್ವರ ಬಂದು ಅಪ್ಪ ತೀರಿಕೊಂಡರು. ನಿಜಾಮರ ಆಳಿಕೆ ಮುಗಿದ ಮರುವರ್ಷ, ಹುಮನಾಬಾದಿಗೇ ಮದುವೆಯಾಗಿ ಬಂದಿದ್ದ ನಾನು ಅವನ ಅಂಗಡಿ ಹುಡುಕಿಕೊಂಡು ಹೋಗಿ, "ನಮ್ಮಪ್ಪನ ಪುಸ್ತಕ ಕೊಡ್ರಿ ಚಾಚಾ," ಎಂದೆ.

ಕೊಡಲಿಲ್ಲ. ಆ ಗಲಾಟೆಯ ಕಾಲದಲ್ಲಿ ಕನ್ನಡ ಪುಸ್ತಕ ಯಾರ ಕಣ್ಣಿಗೂ ಬೀಳಬಾರದೆಂದು ಪೂರಾ ಬಿಚ್ಚಿ, ಹದಿನಾರು ಪುಟದ ಒಂದೊಂದು ಕಟ್ಟನ್ನೂ ಬೇರೆ ಬೇರೆ ಉರ್ದು ದಫ್ತರಗಳ ನಡುವೆ ಅಡಗಿಸಿಟ್ಟಿದ್ದ. ಕಟ್ಟಿಗೆ ಅವನು ಜುಜು ಅನ್ನುತ್ತಿದ್ದ. "ವಾರಕ್ಕ ಒಂದ ಜುಜು ಒಯ್ಯಿ. ಓದು, ವಾಪಸ ತಾ, ಒಳಗ ಏನದ ಹೇಳು. ಆಮ್ಯಾಲ ಇನ್ನೊಂದು."

"ನಮ್ಮ ಪುಸ್ತಕದ ಕಥಿ ನಿಮಗ ಯಾಕ ಹೇಳಬೇಕ್ರಿ?"

"ಎರಡ ವರ್ಷ ಜೀವದಾಗ ಜೀವ ಇಲ್ದಂಗ ಕಾದೀನಿ. ಏನ ಕಾದೆ ಅನ್ನೂದು ನನಗ ಗೊತ್ತಾಗಬ್ಯಾಡೇನು?"

ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುವವನಿಗೆ ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ. ಅದಕ್ಕೆ ನಾನು ಹೊಣೆಯೇ?

ಹೀಗೆ ಶುರುವಾಯಿತು ೧೯೪೯ರ ನನ್ನ ಓದಿನ ವರ್ಷ. ಗುರುವಾರ ಮಾಣಿಕನಗರದ ಮಠಕ್ಕೆ ಹೋಗಲು ಮಾತ್ರ ಅತ್ತೆಯ ಅಪ್ಪಣೆ. ದಾರಿಯಲ್ಲಿ ಅಂಗಡಿ. ಹೊಸ್ತಿಲ ಮೇಲೆ ಕೂತು ಪಾಠ ಒಪ್ಪಿಸುವವಳಂತೆ ಕಥೆ ಹೇಳುವುದು, ಸೆರಗಿನಲ್ಲಿ ಮುಂದಿನ ಜುಜು ಮುಚ್ಚಿಕೊಂಡು ಮನೆಗೆ ಓಡುವುದು. ಎಂಟು ವರ್ಷದವಳಿದ್ದಾಗ ನಾನು ದೇವರೆಂದುಕೊಂಡಿದ್ದ ಲೇಖಕನೊಬ್ಬನಿದ್ದ. ಅವನ ಕಥೆ ಎರಡು ವಾರ ಕೇಳಿ ಮಸ್ತಾನಸಾಬ, "ಇಂವ ಅಳಸಾಕ ಕುಂತಾನ, ಕಥಿ ಹೇಳಾಕಲ್ಲ," ಎಂದ. ಮನೆಗೆ ಹೋಗಿ ಮತ್ತೆ ಓದಿದರೆ ಅವನ ಮಾತು ಖರೆ. ನನ್ನ ಬಾಲ್ಯದ ದೇವರನ್ನು ಅಕ್ಷರ ಬಾರದ ಮುದುಕ ಕಿತ್ತು ಒಗೆದದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ. ಇನ್ನೊಬ್ಬ ಲೇಖಕನನ್ನು ಅಪ್ಪ ಓದುವಾಗ ನಾನು ನಿದ್ದೆ ಹೊಡೆಯುತ್ತಿದ್ದೆ. ಈ ಸಲ ಅವನ ಒಂದೊಂದು ಸಾಲಿಗೂ ನಿಂತು ನಿಂತು ಓದಿದೆ. ಅಪ್ಪ ಅಲ್ಲಿ ಯಾಕೆ ದನಿ ತಗ್ಗಿಸುತ್ತಿದ್ದರೆಂದು ಆಗ ತಿಳಿಯಿತು. ಆದರೆ ಅದನ್ನು ಮಸ್ತಾನಸಾಬನಿಗೆ ಹೇಳಲಿಲ್ಲ. ಅಷ್ಟು ಸುಖ ಅವನಿಗೆ ಯಾಕೆ ಕೊಡಬೇಕು.

ಓದಿ ಮುಗಿದ ಮೂರು ಪುಸ್ತಕ ಕಟ್ಟಿ ಕೊಟ್ಟ. ನಾಲ್ಕನೆಯದು, ಅಪ್ಪ ಓದುವಾಗ ನಾನು ನಿದ್ದೆ ಹೊಡೆಯುತ್ತಿದ್ದ ಆ ಲೇಖಕನ ಕಾದಂಬರಿ; ಕಡೆಗೆ ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ನಾಗವ್ವ ಎಂಬ ದೋಣಿ ನಡೆಸುವ ಹೆಣ್ಣುಮಗಳು, ಕಳೆದುಹೋದ ತಮ್ಮನನ್ನು ದಡದಿಂದ ದಡಕ್ಕೆ ಹುಡುಕುವ ಕಥೆ. ಅದು ಶುರುವಾದ ಮೇಲೆ ನನ್ನ ಕ್ಷೇಮ ಕೇಳುವುದನ್ನೇ ಮುದುಕ ಬಿಟ್ಟ. "ನಾಗವ್ವ ಹ್ಯಾಂಗ ಅದಾಳ?" ಇದೇ ಮೊದಲ ಮಾತು.

ಕಡೆಯ ಜುಜು ಉಳಿಯಿತು ನೋಡಿ, ಅಲ್ಲಿಂದ ಅವನ ಆಟ. ಒಂದು ವಾರ, "ಯಾ ದಫ್ತರದಾಗ ಇಟ್ಟೆನೋ, ಸಿಗವಲ್ದು." ಇನ್ನೊಂದು ವಾರ, "ಹುಳಾ ಹೊಡದಾವ, ಔಷಧ ಹಚ್ಚಾಕತ್ತೇನಿ." ಅದು ಅವನ ಮೊಳಕಾಲ ಹತ್ತಿರವೇ, ಒತ್ತುಕಲ್ಲಿನ ಕೆಳಗೆ ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಯಾರೋ ಅತ್ತೆಯ ಕಿವಿ ಊದಿದರು. "ಮುಂದಿನ ವಾರದಿಂದ ಮಠಾ ಸಾಕು," ಎಂದರು ಅತ್ತೆ.

ಆ ಕೊನೆಯ ಗುರುವಾರ ಹೋಗಿ ಕಲ್ಲಿನ ಕಡೆ ಕೈತೋರಿಸಿದೆ. "ನಾ ಇನ್ನ ಬರಾಂಗಿಲ್ರಿ. ಕೊಡ್ರಿ."

ಕಲ್ಲು ಸರಿಸಿ ಜುಜು ನನ್ನ ಮುಂದಿಟ್ಟು, "ಹಾಂಗಾರ ಇಲ್ಲೇ ಓದು. ನನ್ನ ಮುಂದ," ಎಂದ.

ವರ್ಷದ ಸಿಟ್ಟೆಲ್ಲ ನೆತ್ತಿಗೇರಿತು. ಜುಜು ಎತ್ತಿಕೊಂಡು ಮೇಲಿನ ಮೊದಲ ಪುಟ ಸರಿಯಾಗಿ ಓದಿದೆ. ಆಮೇಲೆ ಅದೇ ಪುಟದ ಮೇಲೆ ಕಣ್ಣು ನೆಟ್ಟು ನನ್ನ ಕಥೆ ಓದಿದೆ. ಹೊಳೆ ಏರಿತು, ದೋಣಿ ಮಗುಚಿತು, ನಾಗವ್ವ ಮುಳುಗಿದಳು, ತಮ್ಮ ಸಿಗಲೇ ಇಲ್ಲ. ಒಂದು ಕಡೆಯೂ ನಾಲಿಗೆ ತೊದಲಲಿಲ್ಲ. ಅವನು ಸೂಜಿ ಕೆಳಗಿಟ್ಟು ಕೇಳಿದ. ಮುಗಿದ ಮೇಲೆ ಕೈ ಚಾಚಿ ಜುಜು ಇಸಕೊಂಡು, ಉಳಿದ ಕಟ್ಟುಗಳಿಗೆ ಹೊಲಿದ, ರಟ್ಟು ಹಾಕಿದ. "ಅಂಟ ಹಸೀ ಅದ. ಒಜ್ಜಿ ಇಟ್ಟು ಒಣಗಸು," ಎಂದು ಕೈಗೆ ಕೊಟ್ಟ. ನಾಗವ್ವನ ಬಗ್ಗೆ ಒಂದು ಮಾತಿಲ್ಲ. ಬೇಕಾಗಿತ್ತು ಮುದುಕನಿಗೆ ಎಂದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಓದಿದೆ. ನಾಗವ್ವ ಮುಳುಗಿರಲಿಲ್ಲ. ಕಡೆಯ ಪುಟದಲ್ಲಿ ತಮ್ಮನೇ ದಡದಲ್ಲಿ ನಿಂತು ದೋಣಿಗಾಗಿ ಕೂಗುತ್ತಾನೆ. ಅದನ್ನು ಓದಿದ ಮೇಲೆ ಮಾತ್ರ ನನಗೆ ಒಳಗೊಳಗೆ ಕೊರೆಯತೊಡಗಿತು. ಸಿಟ್ಟಿಗೆ ಎಂಥ ಕೆಲಸ ಮಾಡಿದೆ ಎಂದು ನನ್ನನ್ನೇ ಬೈದುಕೊಂಡೆ.

ಐವತ್ತನೇ ಇಸವಿಯ ಬೇಸಿಗೆಯಲ್ಲಿ, ಪಾತ್ರೆಗೆ ಕಲಾಯಿ ಹಾಕಿಸುವ ನೆವ ಮಾಡಿಕೊಂಡು ಆ ಓಣಿಗೆ ಹೋದೆ. ಖರೆ ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅಂಗಡಿಗೆ ಬೀಗ. ಪಕ್ಕದ ಕಲಾಯಿ ರುದ್ರಪ್ಪ, "ಗುಲಬರ್ಗಾಕ್ಕ ಮಗಳ ಮನಿಗೆ ಹೋಗಿದ್ನಿರಿ. ಅಲ್ಲೇ ತೀರಿಕೊಂಡ, ತಿಂಗಳಾತು," ಎಂದ. ಆಮೇಲೆ ಪಾತ್ರೆ ತಿಕ್ಕುತ್ತ ತಾನಾಗಿಯೇ ಹೇಳಿದ: "ಹೋಗೂಕಿಂತ ಮದಲ ಒಂದ ಕಥಿ ಹೇಳಿದ್ನಿರಿ. ದೋಣಿ ನಡಸೂ ಹೆಣ್ಣಮಗಳದು."

"ಕಡೀಕ ಏನಾದ್ಲಂತ?"

"ಬದುಕ್ಯಾಳ ಅಂದ. ಓದಿ ಹೇಳೂ ಹುಡುಗಿ ಸಿಟ್ಟಿಗೆ ಮುಳಗಿಸಿದ್ಲಂತ, ಖರೇ ಅಲ್ಲಂತ. ನಿನಗ ಹ್ಯಾಂಗ ಗೊತ್ತೋ ಮಾರಾಯಾ ಅಂದ್ರ, ಹದಿನಾರ ಪುಟದ ಜುಜು, ಆಕಿ ಒಂದ ಹಾಳೀನೂ ತಿರವಲಿಲ್ಲ ಅಂದ. ಹೇಳಿ ಹೇಳಿ ನಗತಿದ್ದ."

ಪಾತ್ರೆ ಅಲ್ಲೇ ಬಿಟ್ಟು ಮನೆಗೆ ಬಂದೆ. ಗೊತ್ತಿದ್ದೂ ಒಂದು ಮಾತು ಬೈಯಲಿಲ್ಲವಲ್ಲ ಆ ಮುದುಕ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಓದುವಾಗ ಬೆರಳು ತಾನಾಗಿ ಬಾಯಿಗೆ ಹೋಗುತ್ತದೆ. ತಡೆದು, ಸೆರಗಿಗೆ ಒರೆಸಿ, ಮೇಲಿನ ಮೂಲೆ ಹಿಡಿದು ತಿರುವುತ್ತೇನೆ, ಅವನಿಗೆ ಕೇಳಿಸುವಷ್ಟು ಸದ್ದು ಮಾಡಿ.