ಮೆಟ್ಟಿಲ ತಿರುವಿನ ಐದನೆಯ ಕ್ಯಾಮೆರಾ

ಮೆಟ್ಟಿಲು ತಿರುಗುವ ಕಡೆ, ನನ್ನ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಪೆನ್ಸಿಲಿನಿಂದ ಎಳೆದ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದ್ದವು. ಸುಣ್ಣದ ಗೋಡೆಯ ಮೇಲೆ ಅಷ್ಟೇ ಗುರುತು. ಅದರ ಎದುರಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳಿದ್ದವು. ಅಮ್ಮನ ಹತ್ತಿರ ಸೀರೆಗೆ ಕುಚ್ಚು ಕಟ್ಟಲು ಬರುವ ಹೆಂಗಸರು ಬುರ್ಖಾ ತೆಗೆದು ನೇತುಹಾಕುತ್ತಿದ್ದುದು ಆ ಮೊಳೆಗಳಿಗೆ. ಗುರುತನ್ನು ಯಾರು ಹಾಕಿದರೆಂದು ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಆ ಮನೆಯಲ್ಲಿ ಮಹಡಿಯವರು ಕೆಳಗಿನವರನ್ನು ಪ್ರಶ್ನೆ ಕೇಳುವುದು ನಿಂತು ಆಗಲೇ ಬಹಳ ದಿನಗಳಾಗಿದ್ದವು.

ಶಿಡ್ಲಘಟ್ಟದ ಆ ಮನೆ ಭಾಗವಾದಾಗ ಕೆಳಗಿನದು ದೊಡ್ಡಪ್ಪನಿಗೆ, ಮಹಡಿ ಅಪ್ಪನಿಗೆ ಬಂದಿತ್ತು. ಹಿತ್ತಲು, ಹಿತ್ತಲಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಹುಳುಮನೆ ದೊಡ್ಡಪ್ಪನದು. ಬೀದಿಯ ಕಡೆ ಅಪ್ಪ ಸ್ಕೂಟರ್ ನಿಲ್ಲಿಸುತ್ತಿದ್ದ ಕಿರಿದಾದ ಜಾಗ ನಮ್ಮದು. ಒಳಗಿನ ಮೆಟ್ಟಿಲು ಇಬ್ಬರಿಗೂ ಸೇರಿದ್ದು. ಅಪ್ಪ ಹೋದ ಮೇಲೆ ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಅಮ್ಮ ಕುಚ್ಚಿನ ಕೆಲಸ ಹಿಡಿದಳು. ಕಣ್ಣು ಮಂಜಾಗಿದ್ದರಿಂದ ನೂಲು ಅಳೆದು, ಬಣ್ಣ ಜೋಡಿಸಿ ಕೊಡುವುದಷ್ಟೇ ಅವಳಿಂದಾಗುತ್ತಿತ್ತು. ಸಣ್ಣ ಗಂಟುಗಳನ್ನು ಹಾಕುತ್ತಿದ್ದವರು ಹಿಂದಿನ ಬೀದಿಯ ಹೆಂಗಸರು. ಒಂದೇ ಸೀರೆಯ ಸೆರಗು ಮೂವರ ಮಡಿಲ ಮೇಲೆ ಹರಡಿಕೊಂಡಿರುತ್ತಿತ್ತು. ಅವರು ಬಾರದಿದ್ದರೆ ಒಂದು ಸೀರೆಯೂ ಮುಗಿಯುತ್ತಿರಲಿಲ್ಲ. ಅಮ್ಮನಿಗೆ ಇಡೀ ದಿನದಲ್ಲಿ ಮಾತಾಡಲು ಬೇರೆ ಯಾರೂ ಇರಲಿಲ್ಲ.

ಹಿಂದಿನ ಬೆಳೆಯಲ್ಲಿ ದೊಡ್ಡಪ್ಪನ ಗೂಡು ಕಳುವಾಗಿತ್ತು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಹುಳುಮನೆಯ ಬಾಗಿಲ ಮುಂದಿನ ಚಪ್ಪರದಲ್ಲಿ ನಿಲ್ಲಿಸಿದ್ದರು. ಮಾರುಕಟ್ಟೆಗೆ ಒಯ್ಯುವ ಹಿಂದಿನ ದಿನ ಎರಡು ಚಂದ್ರಿಕೆಗಳ ಗೂಡನ್ನು ಯಾರೋ ಬಿಡಿಸಿಕೊಂಡು ಹೋಗಿದ್ದರು. ಅದಕ್ಕೆ ಕ್ಯಾಮೆರಾ ಹಾಕಿಸುತ್ತೇನೆಂದರು ದೊಡ್ಡಪ್ಪ. ನಾಲ್ಕು ಎಂದರು. ಒಂದು ಭಾನುವಾರ ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು.

"ಏನಮ್ಮಾ, ಓದಿರೋದು ಮನೆಗೂ ಸ್ವಲ್ಪ ಉಪಯೋಗಕ್ಕೆ ಬರಲಿ. ಚಿಕ್ಕಬಳ್ಳಾಪುರಕ್ಕೆ ಹೋಗಣ ಬಾ. ಅಂಗಡಿಯೋನು ನಂಗೆ ಟೋಪಿ ಹಾಕ್ಬಾರ್ದು."

ಕೊಳ್ಳಬೇಕಾಗಿದ್ದುದು ಎಲ್ಲ ಕ್ಯಾಮೆರಾಗಳ ತಂತಿಗಳು ಬಂದು ಸೇರುವ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್. ಚಿತ್ರ ಬರುವ ತಂತಿಯಲ್ಲೇ ಅದು ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸುತ್ತದೆ. ಹುಳುಮನೆಯ ಗೋಡೆಗಳು ಸದಾ ತೇವ. ಅಲ್ಲಿ ಪ್ರತಿ ಕ್ಯಾಮೆರಾಕ್ಕೂ ಬೇರೆ ವೈರು ಎಳೆಯುವುದು ಅಪಾಯ. ಕರೆಂಟು ಹೋದಾಗ ಆ ಒಂದು ಪೆಟ್ಟಿಗೆಗೆ ಯುಪಿಎಸ್ ಕೊಟ್ಟರೆ ಎಲ್ಲ ಕ್ಯಾಮೆರಾಗಳೂ ಉಳಿಯುತ್ತವೆ. ಇಷ್ಟನ್ನು ನಾನು ಬಸ್ಸಿನಲ್ಲಿ ವಿವರಿಸಿದೆ. ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಿದ್ದರು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟ. ಎರಡಕ್ಕೂ ಎಂಟೆಂಟು ತೂತು. ಒಂದರಲ್ಲಿ ಎಂಟಕ್ಕೂ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ನಾಲ್ಕಕ್ಕೆ ಮಾತ್ರ ಬರುತ್ತದೆ, ಮಿಕ್ಕ ನಾಲ್ಕು ಬರೀ ಚಿತ್ರ ಸಾಗಿಸಲು ಎಂದ. ನಾನು ಪೆಟ್ಟಿಗೆಗಳನ್ನು ಮಗುಚಿ, ಒಟ್ಟು ಎಷ್ಟು ವ್ಯಾಟ್ ಕೊಡುತ್ತವೆಂದು ತಳದ ಚೀಟಿಯಲ್ಲಿ ಓದಿದೆ. ಕತ್ತಲಲ್ಲಿ ಕ್ಯಾಮೆರಾದ ಸಣ್ಣ ದೀಪಗಳು ಹೊತ್ತಿಕೊಂಡಾಗ ಅದು ಎಷ್ಟು ಕರೆಂಟು ಎಳೆಯುತ್ತದೆಂದು ಕೇಳಿದೆ. ಅವನು ಉತ್ತರವನ್ನು ದೊಡ್ಡಪ್ಪನಿಗೆ ಹೇಳಿದ.

"ನಾಲ್ಕು ಕ್ಯಾಮೆರಾಗೆ ಚಿಕ್ಕದೇ ಸಾಕು," ಅಂದೆ.

"ಐದಲ್ವಾ ಮೇಡಂ? ನಮ್ಮವರು ಬಂದು ಮಾರ್ಕ್ ಹಾಕಿದ್ರಲ್ಲ. ಹಿತ್ತಲ ಗೇಟು, ಸೊಪ್ಪಿನ ಕೋಣೆ, ಹುಳುಮನೆ ಬಾಗಿಲು, ಹುಳುಮನೆ ಒಳಗೆ, ಆಮೇಲೆ ಮೆಟ್ಟಿಲು."

ದೊಡ್ಡಪ್ಪ ಗಾಜಿನ ಮೇಲೆ ಬೆರಳು ಬಾರಿಸುತ್ತಿದ್ದರು.

"ಮೆಟ್ಟಿಲಿಗೆ ಯಾಕೆ ದೊಡ್ಡಪ್ಪ?"

"ಯಾಕಮ್ಮ, ಮೆಟ್ಟಿಲು ಮನೆ ಒಳಗಿಲ್ವಾ?"

"ಗೂಡು ಹೋಗಿದ್ದು ಹಿತ್ತಲಿಂದ."

"ಹಿತ್ತಲಿಗೆ ಬಂದೋರು ಆಕಾಶದಿಂದ ಇಳಿದ್ರಾ? ನಿಮ್ಮಮ್ಮನ ಹತ್ರ ದಿನಾ ಎಷ್ಟು ಜನ ಹತ್ತುತಾರೆ, ಎಷ್ಟು ಜನ ಇಳೀತಾರೆ. ಯಾರು ಏನು ಅಂತ ನಂಗೆ ಗೊತ್ತಾಗಬಾರ್ದಾ?"

"ಅವರು ಅಲ್ಲಿ ಬುರ್ಖಾ ತೆಗೀತಾರೆ."

"ತೆಗೀಬೇಡಿ ಅನ್ನು."

"ಕ್ಯಾಮೆರಾ ಇದ್ರೆ ಅವರು ಬರೋದೇ ಇಲ್ಲ."

"ಬರದಿದ್ರೆ ಬೇಡ. ತಪ್ಪು ಮಾಡದೋರಿಗೆ ಕ್ಯಾಮೆರಾ ಕಂಡ್ರೆ ಏನಮ್ಮ ನಡುಕ?"

ಅಂಗಡಿಯವನು ಕೇಬಲ್ಲಿನ ಸುರುಳಿಯೊಂದನ್ನು ಎತ್ತಿ ಬೇರೆ ಕಡೆ ಇಟ್ಟ. ಅವನ ಮುಂದೆ ಮನೆಯ ಮಾತಾಡಿದ್ದಕ್ಕೆ ನನ್ನ ಕಿವಿ ಬಿಸಿಯಾಗಿತ್ತು. ಆದರೂ ಹೇಳಿದೆ: "ನನ್ನನ್ನ ಕೇಳೋದಾದ್ರೆ ಚಿಕ್ಕದು ತಗೊಳ್ಳಿ. ಐದನೇದಕ್ಕೆ ಇದ್ರಿಂದ ಕರೆಂಟ್ ಬರಲ್ಲ. ಅದಕ್ಕೇ ಇದನ್ನ ಹೇಳ್ತಿದ್ದೀನಿ."

ದೊಡ್ಡಪ್ಪ ಅಂಗಡಿಯವನ ಕಡೆ ತಿರುಗಿ ನಕ್ಕರು. "ನೋಡಪ್ಪ, ಹೆಣ್ಮಕ್ಕಳನ್ನ ಓದಿಸಿದ್ರೆ ಹಿಂಗೆ. ಎಂಟಕ್ಕೂ ಬರೋದೇ ಕಟ್ಟು."

ನನ್ನನ್ನು ಓದಿಸಿದ್ದು ಅಪ್ಪ. ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಪೆಟ್ಟಿಗೆಯನ್ನು ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡರು. ನಾನು ಮುಂದೆ ಹೋಗಿ ಹೆಂಗಸರ ನಡುವೆ ನಿಂತೆ.

ಅಂಗಡಿಯ ಇಬ್ಬರು ಬಂದು ಒಂದೇ ದಿನದಲ್ಲಿ ಎಲ್ಲ ಜೋಡಿಸಿದರು. ದೊಡ್ಡಪ್ಪನ ಹಜಾರದಲ್ಲಿ ಟೀವಿಯ ಪಕ್ಕ ಇನ್ನೊಂದು ಪರದೆ ಬಂತು. ಪೆಟ್ಟಿಗೆಯನ್ನು ಹುಳುಮನೆಯ ಒಳಗೆ, ಬಾಗಿಲ ಪಕ್ಕದ ಹಲಗೆಯ ಮೇಲೆ ಇಡಿಸಿದರು. ಅಲ್ಲಿ ತೇವ, ಹಜಾರದಲ್ಲಿಡಿ ಎಂದೆ. ಹಜಾರಕ್ಕೆ ಯಾರು ಬೇಕಾದರೂ ಬರುತ್ತಾರೆ, ಹುಳುಮನೆಯ ಕೀಲಿ ತಮ್ಮ ಉಡಿದಾರದಲ್ಲಿರುತ್ತದೆ ಎಂದರು. ಯಾರು ಬೇಕಾದರೂ ಎಂದರೆ ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ನನಗೆ ಕಾಲೇಜಿಗೆ ರಜೆ. ಕುಚ್ಚು ಕಟ್ಟುವವರಲ್ಲಿ ಎಲ್ಲರಿಗಿಂತ ಸಣ್ಣ ಗಂಟು ಹಾಕುತ್ತಿದ್ದಾಕೆ ಮೊದಲು ಬಂದಳು. ತಿರುವಿನಲ್ಲಿ ನಿಂತು ಮೇಲೆ ನೋಡಿದಳು. ಅರ್ಧ ತೆಗೆದಿದ್ದ ಬುರ್ಖಾವನ್ನು ಮತ್ತೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ಅದ್ರಲ್ಲಿ ಯಾರು ನೋಡ್ತಾರೆ?"

ಅಮ್ಮ ನೂಲು ಅಳೆಯುತ್ತಲೇ ಇದ್ದಳು. "ಕೆಳಗೆ ದೊಡ್ಡಪ್ಪ," ಎಂದೆ.

"ಟೀವಿನಲ್ಲಾ?"

"ಟೀವಿ ಪಕ್ಕದಲ್ಲಿ."

"ಹಾಯ್ ಅಲ್ಲಾ! ನಾನೇನು ಸೀರಿಯಲ್ಲಾ?" ನಕ್ಕಳು. ಆಮೇಲೆ ನಗಲಿಲ್ಲ. "ನಮ್ಮನೆಯೋರಿಗೆ ಗೊತ್ತಾದ್ರೆ ಕಳಿಸಲ್ಲ ಅಕ್ಕ. ನಾನೇ ಹೇಳ್ಬಿಡ್ತೀನಿ ಅವರಿಗೆ, ಬೇರೆಯೋರ ಬಾಯಿಂದ ಕೇಳೋದು ಬೇಡ." ಕೂರಲಿಲ್ಲ. ಆ ವಾರ ಒಬ್ಬೊಬ್ಬರಾಗಿ ಎಲ್ಲರೂ ಬರುವುದನ್ನು ನಿಲ್ಲಿಸಿದರು. ಸೆರಗು ಮಡಿಸಿದ್ದ ಸೀರೆಗಳು ಮಂಚದ ಮೇಲೆ ಹಾಗೇ ಇದ್ದವು.

"ಬಾವನ ಹತ್ರ ಬಾಯಿ ಮಾಡಬೇಡ ಕಣೇ," ಎಂದಳು ಅಮ್ಮ. "ದಿನಾ ಅವರ ಮುಖ ನೋಡ್ಬೇಕು."

"ನಾವು ನೋಡಲ್ಲ ಅಮ್ಮ. ಅವರೇ ನಮ್ಮ ಮುಖ ನೋಡ್ತಾರೆ."

ಚಾಕಿ ಹುಳು, ಅಂದರೆ ಎಳೆಯ ಹುಳುಗಳು, ಮನೆಗೆ ಬರುವ ಹಿಂದಿನ ದಿನ ಹುಳುಮನೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆಯುವುದು ವಾಡಿಕೆ. ಹೊರಗಿನಿಂದ ಬಂದ ಯಾವುದೂ ಆ ನೀರು ತಾಕದೆ ಒಳಗಿರುವಂತಿಲ್ಲ. ಒಳಗೆ ಹೋಗುವವರ ಪಾದ ಕೂಡ. ಇಲ್ಲದಿದ್ದರೆ ರೋಗ ಬರುತ್ತದೆ, ಇಡೀ ಬೆಳೆಯೇ ಹೋಗುತ್ತದೆ. ಇದರಲ್ಲಿ ದೊಡ್ಡಪ್ಪ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಒಮ್ಮೆ ಅಪ್ಪನನ್ನೇ ಬಾಗಿಲಿನಿಂದ ತಿರುಗಿಸಿ ಕಳಿಸಿದ್ದರು. ಈ ಸಲ ನೀರು ಹೊಡೆಯುವ ದಿನ ನಾನು ಮಹಡಿಯ ಹಿಂದಿನ ಕಿಟಕಿಯಲ್ಲಿದ್ದೆ. ತೆರೆದ ಬಾಗಿಲಿನಿಂದ ಹಲಗೆ ಕಾಣುತ್ತಿತ್ತು, ಪೆಟ್ಟಿಗೆಯ ಹಸಿರು ದೀಪಗಳೂ ಕಾಣುತ್ತಿದ್ದವು. ದೊಡ್ಡಪ್ಪ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ತಟ್ಟೆಗಳಿಗೆ, ಚಂದ್ರಿಕೆಗಳಿಗೆ, ಗೋಡೆಗಳಿಗೆ ಹೊಡೆದು ಹಲಗೆಯ ಕಡೆ ತಿರುಗಿದರು.

"ದೊಡ್ಡಪ್ಪ, ಆ ಪೆಟ್ಟಿಗೆಗೆ ಹೊಡೀಬೇಡಿ!"

"ಅದೂ ಹೊರಗಿಂದ ಬಂದದ್ದೇ."

"ಕರೆಂಟ್ ಇದೆ ಅದರಲ್ಲಿ. ಮೊದಲು ಹೊರಗಿಡಿ."

"ಹುಳದ ವಿಷಯ ನಂಗೆ ಹೇಳಿಕೊಡಬೇಡ. ನೀನು ಹುಟ್ಟೋಕೆ ಮುಂಚಿಂದ ಸಾಕಿದೀನಿ." ಕೊಳವೆಯನ್ನು ಹಲಗೆಗೆ ತಿರುಗಿಸಿದರು.

ಪೆಟ್ಟಿಗೆಯೊಳಗೆ ಏನೋ ಚಟ್ ಎಂದಿತು. ಹಸಿರು ದೀಪಗಳು ಆರಿದವು. ದೊಡ್ಡಪ್ಪ ಒಂದು ಗಳಿಗೆ ಅದನ್ನೇ ನೋಡಿದರು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ನಿನ್ನ ಬಾಯಿ ನೋಡು. ಅಂದ ಹಂಗೇ ಆಯ್ತು."

ಆ ಮಧ್ಯಾಹ್ನವೇ ಅವರು ಪೆಟ್ಟಿಗೆ ಹಿಡಿದು ಅಂಗಡಿಗೆ ಹೋದರು. ನನ್ನನ್ನು ಕರೆಯಲಿಲ್ಲ. ಒಳಗೆಲ್ಲ ಬಿಳಿ ಪುಡಿ ಅಂಟಿದೆ, ಗ್ಯಾರಂಟಿ ಇಲ್ಲ ಎಂದು ಅಂಗಡಿಯವನು ಹೇಳಿದ್ದ. ಎಂಟಕ್ಕೂ ಕರೆಂಟು ಕೊಡುವಂಥದ್ದು ಬೆಂಗಳೂರಿನಿಂದ ಬರಬೇಕಿತ್ತು. ಹುಳು ಮರುದಿನ ಬೆಳಗ್ಗೆಯೇ ಬರಲಿತ್ತು, ದೊಡ್ಡಪ್ಪ ಕಾಯುವವರಲ್ಲ. ನಾಲ್ಕಕ್ಕೆ ಕೊಡುವುದನ್ನೇ ತಂದರು. ನಾನು ಹೇಳಿದ್ದ ಅದೇ ಪೆಟ್ಟಿಗೆ. ಈ ಸಲ ಅದನ್ನು ಹಜಾರದಲ್ಲಿಟ್ಟರು. ಅಂಗಡಿಯವರು ತಂತಿಗಳನ್ನೆಲ್ಲ ಅಲ್ಲಿಗೆ ತಂದು ಕೊಟ್ಟು ಹೋದರು.

ತಂತಿ ಐದು, ಕರೆಂಟು ಬರುವ ತೂತು ನಾಲ್ಕು. ಒಂದು ಕ್ಯಾಮೆರಾ ಬಿಡಲೇಬೇಕು. ಅಮ್ಮನೂ ನಾನೂ ಮೆಟ್ಟಿಲ ಬುಡದಲ್ಲಿ ನಿಂತಿದ್ದೆವು. ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಅವಳು ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಯಾಕೆಂದರೆ ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಐದೂ ತಂತಿಗಳ ತುದಿಗೆ ಚೀಟಿ ಅಂಟಿಸಿದ್ದರು. ದೊಡ್ಡಪ್ಪ ಒಂದೊಂದನ್ನೇ ಓದಿದರು. ಗೇಟು ಸಿಕ್ಕಿಸಿದರು. ಸೊಪ್ಪಿನ ಕೋಣೆ ಸಿಕ್ಕಿಸಿದರು. ಹುಳುಮನೆ ಒಳಗೆ. ಆಮೇಲೆ ಕೈಯಲ್ಲಿ ಎರಡು ಉಳಿದವು. ಹುಳುಮನೆಯ ಬಾಗಿಲಿನದನ್ನು ನೆಲಕ್ಕೆ ಬಿಟ್ಟು ಮೆಟ್ಟಿಲಿನದನ್ನು ಸಿಕ್ಕಿಸಿದರು.

"ಗೂಡು ಹೋಗಿದ್ದು ಆ ಬಾಗಿಲಿಂದ," ಅಂದೆ.

"ಒಳಗೆ ಒಂದಿದೆಯಲ್ಲ."

"ಚಂದ್ರಿಕೆ ಒಳಗೆ ನಿಲ್ಲಿಸ್ತೀರಾ?"

"ಎಲ್ಲಿ ನಿಲ್ಲಿಸ್ತೀನಿ ಅನ್ನೋದು ನನ್ನಿಷ್ಟ."

"ಹಾಗಾದ್ರೆ ಕಳ್ಳನಿಗಾಗಿ ಅಲ್ಲ ಇದು."

"ಏಯ್," ಎಂದರು, "ನಿಮ್ಮಪ್ಪ ಇದ್ದಿದ್ರೆ ನನ್ನ ಮುಂದೆ ಹಿಂಗೆ ನಿಂತ್ಕೊಂಡು ಮಾತಾಡ್ತಿದ್ಯಾ?"

"ಅಪ್ಪ ಇದ್ದಿದ್ರೆ ನೀವು ಈ ತಂತಿ ಎಳೀತಿರಲಿಲ್ಲ."

ಪರದೆಯಲ್ಲಿ ಮೆಟ್ಟಿಲ ತಿರುವು ಮೂಡಿತು. ಬರಿದಾದ ಮೊಳೆಗಳು, ಅವುಗಳ ಕೆಳಗೆ ಉಜ್ಜಿ ಉಜ್ಜಿ ಕಪ್ಪಾಗಿದ್ದ ಸುಣ್ಣ. ಅಮ್ಮ ಅದನ್ನು ನೋಡಲು ಪರದೆಗೆ ತೀರ ಹತ್ತಿರ ಹೋಗಿ ಬಗ್ಗಿದಳು. ದೊಡ್ಡಪ್ಪ, "ಅಡ್ಡ ಬರಬೇಡಮ್ಮ," ಎಂದರು. ಅವಳು ಹಿಂದೆ ಸರಿದು, ಸೆರಗು ಹೊದ್ದು, ಆ ಕ್ಯಾಮೆರಾದ ಕೆಳಗೇ ಹತ್ತಿ ಮೇಲೆ ಹೋದಳು. ಅವಳು ತಿರುವಿನಲ್ಲಿ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಂಡದ್ದನ್ನು ನಾನು ಪರದೆಯಲ್ಲಿ ಕಂಡೆ. ದೊಡ್ಡಪ್ಪನೂ ಕಂಡರು.

ಮರುದಿನ ಬೆಳಗ್ಗೆ ಹುಳು ಬಂತು. ಕೆಳಗೆ ಎಲ್ಲರೂ ಆ ಗಡಿಬಿಡಿಯಲ್ಲಿದ್ದರು. ನಾನು ಕಾಲೇಜಿಗೆ ಫೋನು ಮಾಡಿ ತಡವಾಗಿ ಬರುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿನ ಹಿಂದಿನ ವೆಲ್ಡಿಂಗ್ ಅಂಗಡಿಗೆ ಹೋದೆ. ಬೀದಿಯಿಂದ ನೇರ ನಮ್ಮ ಮಹಡಿಯ ಬಾಲ್ಕನಿಗೆ ಹತ್ತುವ ಹಾಗೆ ಕಬ್ಬಿಣದ ಮೆಟ್ಟಿಲು ಬೇಕೆಂದೆ.

"ಒಳಗೆ ಮೆಟ್ಟಿಲಿಲ್ವಾ ಮೇಡಂ?" ಎಂದ ವೆಲ್ಡಿಂಗಿನವನು.

"ಇದೆ. ಇದು ಬೇರೆ."

ಅಳತೆಗೆ ಅವನನ್ನು ಕರೆದುಕೊಂಡು ಬಂದೆ. ಅಪ್ಪನ ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ ಟೇಪಿನ ತುದಿಯನ್ನು ಕಾಲಿನಿಂದ ಅದುಮಿ ಹಿಡಿದೆ. ಅವನು ಟೇಪು ಎಳೆದುಕೊಂಡು ಮಹಡಿಯ ಕಡೆ ಹೋದ.